ಒಲೆಯ ಸುತ್ತ ನಾಲ್ಕು ಜಾಗ: ಜಪಾನಿನ ಹಳ್ಳಿಯ ಅಪ್ಪ-ಮಗಳ ಏಕಾಂಕವನ್ನು ಕಲಬುರಗಿಯಲ್ಲಿ ಕಟ್ಟುವ ಬಗೆ

ಸಮುರಾಯಿ ನಾಟಕ ಅಂದ ಕೂಡಲೇ ತಂಡದ ಹುಡುಗರು ಮೊದಲು ಹುಡುಕುವುದು ಕತ್ತಿಯನ್ನು. ಈ ಕಥೆಯಲ್ಲಿ ಕತ್ತಿ ಕೊನೆಗೆ ಬರಬೇಕಾದ ಸಾಮಾನು. ಊರ ಹೊರಗೆ ಯಾರದೋ ಎರಡು ಪಂಗಡಗಳು ಕಾದಾಡುತ್ತಿವೆ. ಸೋತ ಕಡೆಯ ಗಾಯಾಳು ಒಬ್ಬ ರೈತನ ಮನೆಗೆ ಬಂದು ಬೀಳುತ್ತಾನೆ, ಗೆದ್ದವರು ಅವನ ಬೆನ್ನು ಹತ್ತಿ ಅದೇ ಬಾಗಿಲಿಗೆ ಬರುತ್ತಾರೆ. ಒಳಗಿರುವವರು ಅಪ್ಪ ಮತ್ತು ಮಗಳು. ಯಾರು ಗೆದ್ದರೂ ಇವರಿಗೆ ಸೋಲೇ. ನಲವತ್ತು ನಿಮಿಷದ ಆಟಕ್ಕೆ ಇಷ್ಟು ಸಾಕು. ಜಗಳವನ್ನು ಹೊರಗಿಟ್ಟು ಒಲೆಯನ್ನು ನಡುವೆ ಇಡಿ. ಕೆಳಗೆ ಹೇಳಿರುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಮೊದಲು ಇಸವಿ

'ಹಳೇ ಕಾಲದ ಜಪಾನು' ಎಂದು ಬರೆದರೆ ಉಡುಪು, ಆಯುಧ, ಊಟ ಎಲ್ಲವೂ ಕಲಬೆರಕೆಯಾಗುತ್ತವೆ. ಪ್ರಾಂತ್ಯದ ಧಣಿಗಳು ಒಬ್ಬರ ಮೇಲೊಬ್ಬರು ಬೀಳುತ್ತಿದ್ದ ಕಾಲ 1467ರ ಓನಿನ್ ಯುದ್ಧದಿಂದ ಶುರುವಾಗಿ 1600ರ ಸೆಕಿಗಹಾರಾ ಯುದ್ಧದವರೆಗೂ ಎಳೆಯುತ್ತದೆ. ಇದರೊಳಗೆ 1582ರಿಂದ 1587ರ ನಡುವಿನ ಯಾವುದಾದರೂ ಒಂದು ಸುಗ್ಗಿಯನ್ನು ಹಿಡಿಯಿರಿ. 1588ರಲ್ಲಿ, ಆಗ ದೇಶದ ದೊಡ್ಡ ಧಣಿಯಾಗಿದ್ದ ತೊಯೊತೊಮಿ ಹಿದೆಯೋಶಿ ರೈತರ ಕೈಯಿಂದ ಕತ್ತಿ, ಈಟಿ, ಬಂದೂಕುಗಳನ್ನು ಕಿತ್ತುಕೊಳ್ಳುವ ಆಜ್ಞೆ ಹೊರಡಿಸಿದ. ಅದಕ್ಕಿಂತ ಮುಂಚೆ ರೈತನ ಅಟ್ಟದ ಮೇಲೊಂದು ಈಟಿ ಇರುವುದು ಸಹಜ, ಆಮೇಲೆ ಅದೇ ಈಟಿ ಅಪರಾಧ. ಅಟ್ಟದಲ್ಲಿ ಈಟಿ ಇದ್ದೂ ಅಪ್ಪ ಅದನ್ನು ಇಳಿಸುವುದಿಲ್ಲ ಎಂಬುದು ನಾಟಕಕ್ಕೆ ಬಲ ಕೊಡುವುದರಿಂದ 1588ಕ್ಕಿಂತ ಮುಂಚೆಯೇ ನಿಲ್ಲಿ. ಬಂದೂಕು 1543ರಲ್ಲೇ ಬಂದಿದೆ, ಹೀಗಾಗಿ ದೂರದಲ್ಲೊಂದು ಗುಂಡಿನ ಸದ್ದು ಕೇಳಿಸಿದರೆ ತಪ್ಪಲ್ಲ.

ಅಪ್ಪನ ಮುಂದಿರುವ ದಾರಿಗಳು

ಪ್ರೇಕ್ಷಕರು 'ಇವನು ಪಾಪ, ಒಳ್ಳೆಯವನು' ಎಂದುಕೊಂಡರೆ ನಾಟಕ ಅಲ್ಲಿಗೇ ಸತ್ತಂತೆ. ಆ ಕಾಲದ ರೈತ ಬರೀ ಪಾಪದವನಲ್ಲ. ಸೋತು ಓಡುವ ಯೋಧರನ್ನು ಹಳ್ಳಿಯವರೇ ಬೇಟೆಯಾಡಿ ಕವಚ, ಕತ್ತಿ ಕಿತ್ತುಕೊಳ್ಳುತ್ತಿದ್ದರು. 1582ರಲ್ಲಿ ಯಾಮಝಾಕಿಯಲ್ಲಿ ಸೋತು ಓಡಿದ ಅಕೆಚಿ ಮಿತ್ಸುಹಿದೆ ಎಂಬ ಸರದಾರ ಸತ್ತಿದ್ದು ಇಂಥ ಹಳ್ಳಿಗರ ಕೈಯಲ್ಲೇ ಎಂಬ ಹೇಳಿಕೆ ಇದೆ. ಆದ್ದರಿಂದ ಗಾಯಾಳುವನ್ನು ಬಚ್ಚಿಡುವುದು, ಹಿಡಿದುಕೊಡುವುದು, ತಾನೇ ಮುಗಿಸಿ ಕವಚ ಮಾರುವುದು, ಮೂರೂ ಅಪ್ಪನ ಮನಸ್ಸಿನಲ್ಲಿ ಸುಳಿಯಬೇಕು. ಮೂರನೆಯದನ್ನು ಬಾಯಿಬಿಟ್ಟು ಹೇಳಿಸಬೇಡಿ. ಮಲಗಿರುವ ಗಾಯಾಳುವಿನ ಕವಚದ ಹೊಲಿಗೆಯನ್ನು ಅವನು ಬೆರಳಿನಿಂದ ಮುಟ್ಟಿ ನೋಡಲಿ. ಮಗಳು ಅದನ್ನು ನೋಡಲಿ.

ಹಳ್ಳಿಗಳಿಗೆ ಇನ್ನೊಂದು ಉಪಾಯವಿತ್ತು. ಬರುವ ಸೈನ್ಯದ ಧಣಿಗೆ ಹಣ ಕಟ್ಟಿ 'ಕಿನ್‌ಝೆಯಿ' ಎಂಬ ಅಭಯಪತ್ರ ಪಡೆಯುವುದು. ಸೈನಿಕರು ಇಲ್ಲಿ ಲೂಟಿ ಮಾಡಬಾರದು, ಬೆಂಕಿ ಹಚ್ಚಬಾರದು, ಮರ-ಬಿದಿರು ಕಡಿಯಬಾರದು, ಇದೇ ಅದರ ಸಾರ. ಗಡಿಯ ಕೆಲವು ಹಳ್ಳಿಗಳಂತೂ ಎರಡೂ ಕಡೆಗೆ ಅರ್ಧರ್ಧ ಕಂದಾಯ ಕಟ್ಟಿ ಉಳಿದುಕೊಂಡಿದ್ದವು. ರಂಗದ ಮೇಲೆ ಇದೊಂದು 45×30 ಸೆಂ.ಮೀ. ಹಲಗೆ. ಬಾಗಿಲ ಪಕ್ಕದಲ್ಲಿ ಮೊದಲ ದೃಶ್ಯದಿಂದಲೇ ತೂಗಿರಲಿ. ಅಪ್ಪ ಅದನ್ನು ದೇವರ ಪಟದಂತೆ ಒರೆಸಲಿ. ಬೆನ್ನು ಹತ್ತಿ ಬಂದವರು ಅದನ್ನು ಓದಿ, ಇದು ನಮ್ಮ ಧಣಿಯ ಮುದ್ರೆಯಲ್ಲ ಎಂದು ಇಳಿಸಿ ಒಲೆಗೆ ಹಾಕಲಿ. ಒಂದೇ ಒಂದು ಏಟೂ ಇಲ್ಲದೆ ಯುದ್ಧ ಮನೆಯೊಳಗೆ ಬಂದಾಯಿತು.

ಮಗಳನ್ನು ಅಳುವ ಪಾತ್ರ ಮಾಡಬೇಡಿ. ಆಗಿನ ಸೈನ್ಯಗಳು ಕಾಳಿನ ಜೊತೆ ಮನುಷ್ಯರನ್ನೂ ಹಿಡಿದೊಯ್ದು ಮಾರುತ್ತಿದ್ದವು. ಅವಳ ಭಯಕ್ಕೆ ಈ ಕಾರಣವೇ ಸಾಕು, ಬೇರೆ ಏನನ್ನೂ ತೋರಿಸುವ ಅಗತ್ಯವಿಲ್ಲ. ಆದರೆ ಬೀಜದ ಭತ್ತ ಎಲ್ಲಿ ಹೂತಿದೆ, ಎಷ್ಟಿದೆ ಎಂಬ ಲೆಕ್ಕ ಅವಳದ್ದೇ. ನಮ್ಮ ಕಡೆ ಹಗೇವು ಕಂಡವರಿಗೆ ನೆಲದೊಳಗಿನ ಧಾನ್ಯದ ಮಾತು ಬಿಡಿಸಿ ಹೇಳಬೇಕಿಲ್ಲ.

ಕಾಳಿನ ಲೆಕ್ಕ

ಬರೆಯುವವರು ಈ ಲೆಕ್ಕವನ್ನು ಹಾಳೆಯ ಮೇಲೆ ಮಾಡಿಕೊಂಡೇ ಸಂಭಾಷಣೆಗೆ ಕೂರಬೇಕು. ಒಂದು ಕೊಕು ಎಂದರೆ ಸುಮಾರು 180 ಲೀಟರ್, ಅಕ್ಕಿಯಾದರೆ ಸುಮಾರು 150 ಕೆ.ಜಿ. ಒಂದು ತಾನ್ ಗದ್ದೆ ಹಿದೆಯೋಶಿಯ ಮೋಜಣಿಯ ಅಳತೆಯಲ್ಲಿ ಸುಮಾರು 1,093 ಚದರ ಮೀಟರ್, ನಮ್ಮ ಹನ್ನೊಂದು ಗುಂಟೆಗೆ ಕೂದಲೆಳೆ ಕಮ್ಮಿ. ಅಪ್ಪನಿಗೆ ಐದು ತಾನ್ ಕೊಡಿ, ಅಂದರೆ ಹೆಚ್ಚುಕಡಿಮೆ ಒಂದು ಎಕರೆ ಹದಿನಾಲ್ಕು ಗುಂಟೆ. ಆ ಮೋಜಣಿಯಲ್ಲಿ ನಡುತರದ ಗದ್ದೆಗೆ ತಾನ್ ಒಂದಕ್ಕೆ 1.3 ಕೊಕು ಇಳುವರಿ ಎಂದು ಬರೆಯುತ್ತಿದ್ದರು. ಐದಕ್ಕೆ 6.5 ಕೊಕು. ಮೂರರಲ್ಲಿ ಎರಡು ಪಾಲು ಧಣಿಗೆ ಎಂಬ ಕಟ್ಟಳೆ ಹಿಡಿದರೆ ಮನೆಯಲ್ಲಿ ಉಳಿಯುವುದು 2.17 ಕೊಕು, ಸುಮಾರು 325 ಕೆ.ಜಿ. ಇಬ್ಬರಿಗೂ ಸೇರಿ ದಿನಕ್ಕೆ 900 ಗ್ರಾಂ ಕೂಡ ಬರುವುದಿಲ್ಲ.

ಈಗ ಸೈನಿಕರನ್ನು ಉಣ್ಣಲು ಕೂರಿಸಿ. ಒಬ್ಬನಿಗೆ ದಿನಕ್ಕೆ ಐದು ಗೋ, ಅಂದರೆ 750 ಗ್ರಾಂ ಅಕ್ಕಿ ಹಿಡಿಯಿರಿ. ಹದಿನೈದು ಜನ ನಾಲ್ಕು ದಿನ ಬೀಡುಬಿಟ್ಟರೆ 45 ಕೆ.ಜಿ. ಅಪ್ಪ-ಮಗಳ ಐವತ್ತು ದಿನದ ಅನ್ನ ಹೋಯಿತು. 'ನಮ್ಮನ್ನು ಕೊಲ್ಲಬೇಡಿ' ಎಂಬ ಮಾತಿಗಿಂತ 'ಐವತ್ತು ದಿನ' ಎಂಬ ಮಾತು ಕಲಬುರಗಿಯ ಸಭಾಂಗಣದಲ್ಲಿ ಹೆಚ್ಚು ನಾಟುತ್ತದೆ. ತೊಗರಿಯ ಲೆಕ್ಕ ಹಾಕಿ ಹಾಕಿ ರೂಢಿಯಾದ ಮಂದಿ ಎದುರು ಕೂತಿರುತ್ತಾರೆ.

ರೈತರು ಉಣ್ಣುತ್ತಿದ್ದುದು ಬರೀ ಅಕ್ಕಿಯನ್ನಲ್ಲ. ಅವಾ ಎಂದರೆ ನಮ್ಮ ನವಣೆ, ಹಿಯೆ ಎಂದರೆ ಊದಲಿನ ಜಾತಿ. ಜೊತೆಗೆ ಬಾರ್ಲಿ, ಮೂಲಂಗಿ, ಮೂಲಂಗಿ ಸೊಪ್ಪು. ರಂಗದ ಮೇಲಿನ ಗಡಿಗೆಯಲ್ಲಿ ನವಣೆ ಗಂಜಿ ಇರಲಿ. ಆಲೂಗಡ್ಡೆ, ಮೆಣಸಿನಕಾಯಿ ಬೇಡ. ಸೈನಿಕ ಅನ್ನ ಕೇಳಿದಾಗ ಮಗಳು ಗಂಜಿ ಬಡಿಸಿದರೆ ಅದೇ ಒಂದು ಉತ್ತರ.

ಹೆಸರು, ಮಾತು

ಆ ಕಾಲದ ಸಾಮಾನ್ಯ ರೈತನನ್ನು ಊರವರು ಒಂದೇ ಹೆಸರಿನಿಂದ ಕರೆಯುತ್ತಿದ್ದರು, ಮನೆತನದ ಹೆಸರು ಹಚ್ಚಬೇಡಿ. ಆದರೆ ಹೆಸರನ್ನು ಕನ್ನಡದ ಕಿವಿಯಿಂದ ಒಮ್ಮೆ ಕೇಳಿ ನೋಡಿ. ಹಾರು ಎಂಬುದು ಚೆಂದದ ಜಪಾನಿ ಹೆಸರು, ಆದರೆ 'ಹಾರು, ಇಲ್ಲಿ ಬಾ' ಎಂದ ಕೂಡಲೇ ಹಿಂದಿನ ಸಾಲಿನವರು ನಗುತ್ತಾರೆ. ಆಕಿ ಎಂದು ಇಟ್ಟರೆ ನಮ್ಮ ಕಡೆ 'ಆಕಿ ಯಾರಕಿ' ಎಂಬ ಗೊಂದಲ. ಸಾಯೋ ಅಂತೂ ಬೇಡವೇ ಬೇಡ. ಕಿಕು ಚೆನ್ನಾಗಿ ನಿಲ್ಲುತ್ತದೆ, ಅಪ್ಪನಿಗೆ ಗೋಸುಕೆ.

ಅಪ್ಪ-ಮಗಳು ಕಲಬುರಗಿ ಮಾತಿನಲ್ಲೇ ಆಡಲಿ. ಯೋಧರಿಗೆ ಗ್ರಾಂಥಿಕ ಕನ್ನಡ ಕೊಡಿ. ಯೋಧ ಮತ್ತು ರೈತ ಬೇರೆ ಬೇರೆ ಲೋಕದವರು ಎಂದು ತೋರಿಸಲು ಇದಕ್ಕಿಂತ ಅಗ್ಗದ, ಗಟ್ಟಿಯಾದ ದಾರಿ ಇಲ್ಲ. 'ಸಾನ್', 'ಸಾಮಾ' ಎಂದೆಲ್ಲ ಬಾಲ ಹಚ್ಚುವುದನ್ನು ಬಿಡಿ, ಆ ಕೆಲಸವನ್ನು ನಮ್ಮ 'ರಿ' ಮಾಡುತ್ತದೆ.

ಸರದಾರ: ಗಾಯಗೊಂಡವನೊಬ್ಬ ಈ ದಾರಿಯಲ್ಲಿ ಬಂದನೇ?
ಗೋಸುಕೆ: ಯಾರೂ ಬಂದಿಲ್ರಿ ಧಣ್ಯಾರ. ಬಂದಿದ್ರ ನಾಯಿ ಬೊಗಳ್ತಿತ್ತು.
ಸರದಾರ: ಎಲ್ಲಿ ನಿನ್ನ ನಾಯಿ?
ಗೋಸುಕೆ: ಹ್ವಾದ ವಾರ ನಿಮ್ಮ ಮಂದೀನೇ ಹೊಡದು ಹಾಕ್ಯಾರ್ರಿ.

ಅಪ್ಪ ಹುಲ್ಲಿನ ಚೀಲಕ್ಕೆ ಕೈ ಹಾಕುವಾಗ ಮಗಳ ಒಂದೇ ಮಾತು: 'ಯಪ್ಪಾ, ಬೀಜಕ್ಕ ಕೈ ಹಚ್ಚಬ್ಯಾಡ.' ಹೀಗೆ ಬರೆದರೆ ನಲವತ್ತು ನಿಮಿಷಕ್ಕೆ ಎ4 ಹಾಳೆಯಲ್ಲಿ 22ರಿಂದ 25 ಪುಟ ಬರುತ್ತದೆ. ಮೂವತ್ತು ಪುಟ ದಾಟಿದರೆ ಯಾರೋ ಇತಿಹಾಸದ ಪಾಠ ಹೇಳುತ್ತಿದ್ದಾರೆ ಎಂದೇ ಅರ್ಥ, ಆ ಪಾತ್ರವನ್ನು ಕತ್ತರಿಸಿ.

ಕಟ್ಟೆ ಮತ್ತು ಒಲೆ

ಜಪಾನಿನ ರೈತನ ಮನೆಯಲ್ಲಿ ಬಾಗಿಲು ದಾಟಿದ ಕೂಡಲೇ ದೋಮಾ ಎಂಬ ಮಣ್ಣುನೆಲ. ಅಲ್ಲಿಂದ ಒಂದು ಮೆಟ್ಟಿಲೆತ್ತರದಲ್ಲಿ ಹಲಗೆಯ ನೆಲ, ಅದರ ನಡುವೆ ತಗ್ಗಿನಲ್ಲಿ ಇರೋರಿ ಎಂಬ ಚೌಕ ಒಲೆ. ತತಾಮಿ ಚಾಪೆ ಹಾಸಬೇಡಿ, ಅದು ಸಿರಿವಂತರ ಮನೆಯದು. ಇವರಿಗೆ ಹುಲ್ಲಿನ ಚಾಪೆ ಸಾಕು.

ಬಾಡಿಗೆಗೆ ಸಿಗುವ 8×4 ಅಡಿಯ, ಒಂದಡಿ ಎತ್ತರದ ನಾಲ್ಕು ಲೆವೆಲ್, ಅಂದರೆ ಹಲಗೆ ವೇದಿಕೆ, ತರಿಸಿ. ಅವನ್ನು ಗಿರಗಿಟ್ಲೆಯ ರೆಕ್ಕೆಗಳಂತೆ ಒಂದರ ತುದಿ ಇನ್ನೊಂದರ ಬದಿಗೆ ತಾಗುವಂತೆ ಜೋಡಿಸಿದರೆ ಹೊರಗೆ 12×12 ಅಡಿಯ ಕಟ್ಟೆ, ನಡುವೆ ತಾನಾಗಿಯೇ 4×4 ಅಡಿಯ ಗುಂಡಿ. ಹಲಗೆ ಕೊಯ್ಯುವ ಕೆಲಸವೇ ಇಲ್ಲ. ಗುಂಡಿಯ ಸುತ್ತ ಆರಿಂಚು ಅಗಲದ ಹಲಗೆ ಚೌಕಟ್ಟು ಬಡಿದರೆ ಒಲೆ ಮೂರಡಿಗೆ ಬರುತ್ತದೆ, ನಿಜವಾದ ಇರೋರಿಯ ಅಳತೆಯೂ ಸುಮಾರು ಅಷ್ಟೇ. ನಾಲ್ಕು ಲೆವೆಲ್‌ಗಳನ್ನು ಒಳಗಡೆಯಿಂದ ಸಿ-ಕ್ಲಾಂಪ್ ಹಾಕಿ ಬಿಗಿಯಿರಿ. ಬರೀ ಹಗ್ಗದಿಂದ ಕಟ್ಟಿದರೆ ಕವಚ ತೊಟ್ಟವರು ಹತ್ತಿದಾಗ ಸಂದು ಬಿಟ್ಟು ಕಾಲು ಸಿಕ್ಕಿಕೊಳ್ಳುತ್ತದೆ. ಗುಂಡಿಯ ತಳಕ್ಕೆ ಎರಡಿಂಚು ಉಸುಕು, ಮೇಲೆ ತೆಳ್ಳಗೆ ಬೂದಿ. ಬೂದಿಯನ್ನು ಸ್ವಲ್ಪ ಒದ್ದೆ ಮಾಡಿ, ಇಲ್ಲದಿದ್ದರೆ ಫ್ಯಾನು ತಿರುಗಿದ ಕೂಡಲೇ ನಟರ ಬಾಯಿಗೆ ಬರುತ್ತದೆ. ವೈರು ಒದ್ದೆ ಬೂದಿಯಲ್ಲಿ ಹಾಯಬಾರದು; ಅಂಬರ್ ಬಣ್ಣದ ಎರಡು ಎಲ್‌ಇಡಿ ಬಲ್ಬುಗಳನ್ನು ತಗಡಿನ ಡಬ್ಬಿಯಲ್ಲಿಟ್ಟು ಮೇಲೆ ಇದ್ದಿಲು ಜೋಡಿಸಿ. ನಿಜವಾದ ಬೆಂಕಿ ಬೇಡವೇ ಬೇಡ. ಗಡಿಗೆಯನ್ನು ಮೇಲಿನ ಪೈಪಿನಿಂದ ಬಿದಿರು ಕೊಕ್ಕೆಯಲ್ಲಿ ಇಳಿಬಿಡಿ.

ಇಷ್ಟು ತಾಪತ್ರಯ ಯಾಕೆಂದರೆ, ನಾಟಕ ನಡೆಯುವುದೇ ಈ ಚೌಕದ ನಾಲ್ಕು ಬದಿಯಲ್ಲಿ. ದೋಮಾಕ್ಕೆ ಎದುರಾಗಿ, ಒಳಮನೆಗೆ ಬೆನ್ನು ಹಾಕಿದ ಬದಿ ಯೊಕೊಝಾ, ಅದು ಮನೆಯ ಯಜಮಾನನ ಜಾಗ. ಒಂದು ಪಕ್ಕ ಕಕಾಝಾ, ಮನೆಯ ಹೆಂಗಸಿನ ಜಾಗ, ಸೌಟು ಇರುವುದು ಅಲ್ಲೇ. ಅದರ ಎದುರಿನದು ಕ್ಯಾಕುಝಾ, ಬಂದವರ ಜಾಗ. ದೋಮಾದ ಕಡೆಯ ತುದಿ ಕಿಜಿರಿ, ಸೌದೆ ತುರುಕುವ ಬದಿ, ಎಲ್ಲರಿಗಿಂತ ಕೆಳಗಿನವರದು. ನಾಟಕ ಶುರುವಾಗುವಾಗ ಕಿಕು ತಾಯಿಯ ಜಾಗದಲ್ಲಿ ಕೂತಿದ್ದಾಳೆ. ತಾಯಿ ಇಲ್ಲ ಎಂದು ಯಾರೂ ಹೇಳಬೇಕಾಗಿಲ್ಲ. ಗಾಯಾಳು ಬಂದವರ ಜಾಗದಲ್ಲಿ ಬೀಳುತ್ತಾನೆ. ಆಮೇಲೆ ಬಂದ ಸರದಾರ ಕೆರ ಬಿಚ್ಚದೆ ಕಟ್ಟೆ ಹತ್ತಿ ನೇರ ಯಜಮಾನನ ಜಾಗದಲ್ಲಿ ಕೂರುತ್ತಾನೆ. ಗೋಸುಕೆ ಒಂದು ಗಳಿಗೆ ನಿಂತು, ಸುತ್ತು ಹಾಕಿ ಹೋಗಿ, ತನ್ನದೇ ಮನೆಯ ಸೌದೆ ಬದಿಯಲ್ಲಿ ಕುಕ್ಕರಿಸುತ್ತಾನೆ. ಇಡೀ ನಾಟಕದ ಬೆನ್ನೆಲುಬು ಆ ಹನ್ನೆರಡು ಹೆಜ್ಜೆ. ಇದನ್ನು ಮಾತಿನಿಂದ ಮುಚ್ಚುವ ನಿರ್ದೇಶಕರೇ ಹೆಚ್ಚು.

ಕಟ್ಟೆಯನ್ನು ಪ್ರೇಕ್ಷಕರಿಗೆ ಸಮನಾಗಿ ಇಡದೆ ಸುಮಾರು 30 ಡಿಗ್ರಿ ತಿರುಗಿಸಿ. ಮಗಳ ಬದಿ ಹಿಂದೆ ಬಂದು ಅವಳ ಮುಖ ಜನಕ್ಕೆ ಕಾಣುತ್ತದೆ, ಬಂದವರ ಬದಿ ಮುಂದೆ ಬರುತ್ತದೆ. ಗಾಯಾಳುವಿನ ಬೆನ್ನಷ್ಟೇ ಕಾಣುವುದು ಒಳ್ಳೆಯದೇ, ಅವನು ಯಾವ ಪಂಗಡದವನು ಎಂಬುದು ಇಲ್ಲಿ ಮುಖ್ಯವಲ್ಲ.

ಗೋಡೆಗೆ ನಮ್ಮ ತೊಗರಿ ಕಟ್ಟಿಗೆಯ ತಟ್ಟಿಯೇ ಸರಿ. ಬಿದಿರಿನ ಹೆಣಿಗೆಯ ಮೇಲೆ ಹುಲ್ಲು ಬೆರೆಸಿದ ಮಣ್ಣು ಮೆತ್ತುವುದು ಅಲ್ಲಿಯೂ ಇದ್ದ ಪದ್ಧತಿ. 6×4 ಅಡಿಯ ಐದು ತಟ್ಟಿ ಮಾಡಿ, ಕೆಳಗಿನ ಅರ್ಧಕ್ಕೆ ಮಾತ್ರ ಮಣ್ಣು ಮೆತ್ತಿ. ಮೇಲಿನ ಸಂದುಗಳಿಂದ ಹೊರಗಿನ ನೀಲಿ ಬೆಳಕು, ಓಡಾಡುವ ದೀವಟಿಗೆಯ ಬೆಳಕು ಒಳಗೆ ಬೀಳಬೇಕು. ಹದಿನೈದು ಸೈನಿಕರನ್ನು ತೋರಿಸಲು ಮೂವರು ಹುಡುಗರು, ಕಿತ್ತಳೆ ಜೆಲಟಿನ್ ಸುತ್ತಿದ ಮೂರು ಬ್ಯಾಟರಿ ಸಾಕು. ತೊಗರಿ ರಾಶಿ ಮುಗಿಯುವುದು ಜನವರಿ ಹೊತ್ತಿಗೆ, ಕಟ್ಟಿಗೆ ಆಗಲೇ ಕೇಳಿಟ್ಟುಕೊಳ್ಳಿ. ಏಪ್ರಿಲ್ ನಂತರದ ಪ್ರದರ್ಶನ ಬೇಡ, ನಲವತ್ತು ಡಿಗ್ರಿ ದಾಟಿದ ಮೇಲೆ ಕವಚದೊಳಗಿನ ನಟ ಮಾತು ಮರೆಯುತ್ತಾನೆ.

ಸೂರು ಮತ್ತು ಚಾಪೆಗೆ ಜೋಳದ ಕಣಿಕಿ ಹಾಕಿದರೆ ದಪ್ಪವಾಗಿ ಕಾಣುತ್ತದೆ, ಬಾಗಿಸಲು ಹೋದರೆ ಮುರಿಯುತ್ತದೆ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಾಲುವೆ ನೀರಿನ ಹೊಲಗಳಿಂದ ಭತ್ತದ ಹುಲ್ಲು ತರಿಸಿ. ಹುಲ್ಲು, ಗೋಣಿ, ಬಟ್ಟೆ ಎಲ್ಲವನ್ನೂ ಬೆಂಕಿ ತಡೆಯುವ ನೀರಿನಲ್ಲಿ ಅದ್ದಲೇಬೇಕು: 10 ಲೀಟರ್ ಬಿಸಿನೀರಿಗೆ 600 ಗ್ರಾಂ ಬಿಳಿಗಾರ, 500 ಗ್ರಾಂ ಬೋರಿಕ್ ಪುಡಿ. ಪೂರ್ತಿ ಕರಗಿದ ಮೇಲೆ ಅದ್ದಿ, ಹಿಂಡದೆ ನೆರಳಲ್ಲಿ ಒಣಗಿಸಿ. ಒಂದು ಹಿಡಿ ಹುಲ್ಲನ್ನು ಹೊರಗೆ ಒಯ್ದು ಹನ್ನೆರಡು ಸೆಕೆಂಡ್ ಕಡ್ಡಿ ಹಿಡಿದು ನೋಡಿ. ಕಪ್ಪಾಗಿ ನಿಂತರೆ ಸರಿ, ಜ್ವಾಲೆ ಏರಿದರೆ ಇನ್ನೊಮ್ಮೆ ಅದ್ದಿ. ತೊಳೆದರೆ ಇದು ಹೋಗುತ್ತದೆ, ಒಗೆದ ಬಟ್ಟೆಗೆ ಮತ್ತೆ ಹಾಕಬೇಕು.

ಉಡುಪು

36 ಇಂಚು ಅಗಲದ ಮಾದರಪಾಟ ಬಟ್ಟೆ ಮೂರು ಮೀಟರ್ ಇದ್ದರೆ ಮೊಣಕಾಲಿನವರೆಗಿನ ರೈತನ ಅಂಗಿ ಒಂದು ಆಗುತ್ತದೆ. 2.10 ಮೀಟರ್ ಕತ್ತರಿಸಿ ಉದ್ದಕ್ಕೆ 36 ಸೆಂ.ಮೀ. ಅಗಲದ ಎರಡು ಪಟ್ಟಿ ಮಾಡಿ. ಅವು ಹೆಗಲ ಮೇಲಿಂದ ಹಿಂದೆ-ಮುಂದೆ ಇಳಿಯುತ್ತವೆ, ಬೆನ್ನಿನಲ್ಲಿ ಹೊಲಿಗೆ. ಉಳಿದ ಸಣ್ಣ ಪಟ್ಟಿಯನ್ನು ಎರಡು ತುಂಡು ಮಾಡಿ ಮುಂದಿನ ಅಂಚುಗಳಿಗೆ ಕೂಡಿಸಿ. ಇನ್ನೊಂದು 80 ಸೆಂ.ಮೀ. ತುಂಡಿನಲ್ಲಿ 35 ಸೆಂ.ಮೀ. ಅಗಲದ ಎರಡು ತೋಳು, ಮಿಕ್ಕಿದ್ದರಲ್ಲಿ ಕೊರಳಪಟ್ಟಿ. ಟೆರಿಲಿನ್ ಬೇಡ, ಬಣ್ಣ ಹಿಡಿಯುವುದಿಲ್ಲ, ಬೆಳಕಿಗೆ ಮಿಂಚುತ್ತದೆ. 200 ಗ್ರಾಂ ಚಹಾಪುಡಿಯನ್ನು ಎಂಟು ಲೀಟರ್ ನೀರಲ್ಲಿ ಕುದಿಸಿ, ಸೋಸಿ, ಅಂಗಿಯನ್ನು ಒಂದು ತಾಸು ಮುಳುಗಿಸಿದರೆ ಮಾಸಿದ ನಾರುಬಟ್ಟೆಯ ಬಣ್ಣ ಬರುತ್ತದೆ.

ತೊಡಿಸುವಾಗ ಎಡ ಮಗ್ಗುಲು ಮೇಲೆ, ಬಲ ಮಗ್ಗುಲು ಒಳಗೆ. ಬಲ ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ಕ್ರಮ. ಗಡಿಬಿಡಿಯಲ್ಲಿ ತಪ್ಪುವುದು ಹೆಚ್ಚಾಗಿ ಇದೇ, ಆದ್ದರಿಂದ ಎಡ ಅಂಚಿಗೆ ಒಳಗಡೆ ಕೆಂಪು ದಾರದ ಗುರುತು ಹಾಕಿ. ಮಗಳ ಸೊಂಟಪಟ್ಟಿ ಹತ್ತು ಸೆಂ.ಮೀ. ಅಗಲ ಮೀರದಿರಲಿ. ಬೆನ್ನಿಗೆ ದಿಂಬು ಕಟ್ಟಿದಂಥ ಅಗಲ ಪಟ್ಟಿ, ಎತ್ತಿ ಕಟ್ಟಿದ ತುರುಬು ಎಲ್ಲ ನಂತರದ ಕಾಲದವು. ಅವಳ ಕೂದಲು ಹಿಂದೆ ಸಡಿಲವಾಗಿ ಕಟ್ಟಿರಲಿ. ಮೊಣಕಾಲೂರಿ ಹಿಮ್ಮಡಿ ಮೇಲೆ ಕೂರುವುದೂ ಆಗಿನ್ನೂ ಎಲ್ಲರ ರೂಢಿಯಾಗಿರಲಿಲ್ಲ. ಗಂಡಸರು ಚಕ್ಕಳಮಕ್ಕಳ ಹಾಕಲಿ, ಹೆಂಗಸು ಒಂದು ಮೊಣಕಾಲು ಎತ್ತಿ ಕೂರಲಿ. ನಮ್ಮ ನಟರಿಗೆ ಇದು ಹುಟ್ಟಿನಿಂದಲೇ ಬರುತ್ತದೆ. ಕೈಮುಗಿದು ನಮಸ್ಕಾರ ಮಾಡಿಸಬೇಡಿ, ಎರಡೂ ಅಂಗೈ ನೆಲಕ್ಕೆ ಊರಿ ಬಾಗಲಿ. ಕಣ್ಣು ಎಳೆದು ಬರೆಯುವ ಮೇಕಪ್ಪೂ ಬೇಡ, ಅದು ಅಣಕ.

ಕವಚ ಮೂರು ಸಾಕು. ಹತ್ತು ಮಿ.ಮೀ. ದಪ್ಪದ ಫೋಮ್ ಚಾಪೆಯನ್ನು ಐದು ಸೆಂ.ಮೀ. ಪಟ್ಟಿಗಳಾಗಿ ಕೊಯ್ದು ಅಡ್ಡಡ್ಡ ಅಂಟಿಸಿ. ಬಣ್ಣಕ್ಕೆ ಮುಂಚೆ ಫೆವಿಕಾಲ್-ನೀರು ಮೂರು ಕೋಟು ಬೇಕು, ಇಲ್ಲವಾದರೆ ಎನಾಮೆಲನ್ನು ಫೋಮ್ ಕುಡಿದುಬಿಡುತ್ತದೆ. ಶಂಕುವಿನಾಕಾರದ ಟೋಪಿಗೆ ಮೇದಾರರ ಹತ್ತಿರ 40 ಸೆಂ.ಮೀ. ಅಗಲದ ಬುಟ್ಟಿಮುಚ್ಚಳ ಹೆಣೆಸಿ, ಕಾಗದ ಮೆತ್ತಿ ಕಪ್ಪು ಬಳಿಯಿರಿ. ಕತ್ತಿ ಒಟ್ಟು ಒಂದು ಮೀಟರ್, ಅದರಲ್ಲಿ ಅಲಗು 70 ಸೆಂ.ಮೀ. ಸೊಂಟಪಟ್ಟಿಗೆ ಸಿಕ್ಕಿಸುವಾಗ ಬಾಯಿ ಮೇಲ್ಮುಖ. ಹಿಡಿಯ ಮುಂದಿನ ದುಂಡು ಬಿಲ್ಲೆ ಎಂಟು ಸೆಂ.ಮೀ. ಪ್ಲೈವುಡ್‌ನದು. ಅದಕ್ಕೆ ಮಟ್ಟಸ ಕಪ್ಪು ಬಳಿದು ಬೆಳ್ಳಿ ಬಣ್ಣದ ಗೆರೆ ಎಳೆದರೆ ದೂರಕ್ಕೆ ಬೀದರಿನ ಬಿದ್ರಿ ಕೆಲಸದಂತೆ ಕಾಣುತ್ತದೆ, ಕಂಡರೆ ಕಾಣಲಿ.

ತಾಲೀಮು, ಸದ್ದು

ಮೂವತ್ತು ದಿನ, ದಿನಕ್ಕೆ ಎರಡು ತಾಸು. ಮೊದಲ ವಾರ ಮಾತಿಲ್ಲದೆ ಬರೀ ಕೂರುವ-ಏಳುವ ತಾಲೀಮು. ಹೊರಗಿನವರ ಕಾಳಗದ ನಡುವೆ ಸಿಕ್ಕ ಊರು ಹೇಗಿರುತ್ತದೆ ಎಂದು ನಟರಿಗೆ ತಿಳಿಯಬೇಕಾದರೆ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್‌ಗೆ ಮುಂಚಿನ ದಿನಗಳ ಬಗ್ಗೆ ತಮ್ಮ ಮನೆಯ ಹಿರಿಯರು ಕೇಳಿದ್ದನ್ನು, ಹೇಳಿದ್ದನ್ನು ಕೇಳಿಸಿಕೊಂಡು ಬರಲಿ. ಅದು ತಾಲೀಮಿನ ಕೋಣೆಯಲ್ಲೇ ಉಳಿಯಲಿ. ಯೋಧರ ಉಡುಪಿನಲ್ಲೋ ಮಾತಿನಲ್ಲೋ ಇಲ್ಲಿನ ಯಾರನ್ನಾದರೂ ಹೋಲುವಂತೆ ಮಾಡಿದರೆ ಪ್ರೇಕ್ಷಕರು ನಾಟಕ ಬಿಟ್ಟು ಆ ಹೋಲಿಕೆಯನ್ನೇ ನೋಡುತ್ತಾರೆ.

ಕತ್ತಿಯ ಹೊಡೆದಾಟ 25 ಸೆಕೆಂಡ್ ಮೀರದಿರಲಿ, ಅದೂ ತಟ್ಟಿಯ ಆಚೆ, ನೆರಳಿನಲ್ಲಿ. ಕತ್ತಿಯ ತುದಿ ಎದುರಿನವನ ಮೈಯಿಂದ ಒಂದಡಿ ದೂರದಲ್ಲೇ ನಿಲ್ಲಬೇಕು. ಅರ್ಧ ವೇಗದಲ್ಲಿ ಇಪ್ಪತ್ತು ಸಲ ತಪ್ಪಿಲ್ಲದೆ ಆಗುವ ತನಕ ಪೂರ್ತಿ ವೇಗಕ್ಕೆ ಬಿಡಬೇಡಿ.

ಹಿನ್ನೆಲೆಗೆ ಚೀನೀ ಹೋಟೆಲಿನ ಧಾಟಿಯ ಕೊಳಲು ಬೇಡ. ಡೊಳ್ಳಿನ ಒಂದು ಮಗ್ಗುಲನ್ನು ಸಡಿಲ ಮಾಡಿ ನಾಲ್ಕು ಸೆಕೆಂಡಿಗೊಂದು ಏಟು. ಜಾಲಿಯ ಎರಡು ಚೌಕ ತುಂಡು, 25 ಸೆಂ.ಮೀ. ಉದ್ದದವು, ಒಂದಕ್ಕೊಂದು ಬಡಿದರೆ ಬಾಗಿಲ ಸದ್ದಿಗೂ ಆಯಿತು, ದೃಶ್ಯ ಬದಲಿಗೂ ಆಯಿತು. ಹುಲ್ಲಿನ ಚೀಲಗಳು ಆರು ಇರಲಿ, ಐದಕ್ಕೆ ಬರೀ ಹುಲ್ಲು, ಆರನೆಯದಕ್ಕೆ ಐದು ಕೆ.ಜಿ. ನಿಜವಾದ ಭತ್ತ. ಕೊನೆಗೆ ಸೈನಿಕ ಅದನ್ನು ಸೀಳಿದಾಗ ಭತ್ತ ಹಲಗೆಯ ಮೇಲೆ ಸುರಿಯುವ ಸದ್ದು ಹಿಂದಿನ ಸಾಲಿಗೂ ಕೇಳಬೇಕು, ಅದಕ್ಕೆ ಲೆವೆಲಿನ ಕೆಳಗೊಂದು ಮೈಕ್ ಇಡಿ. ಆ ಸದ್ದು ಮುಗಿದ ಮೇಲೆ ಹದಿನೈದು ಸೆಕೆಂಡ್ ಯಾರೂ ಅಲುಗಾಡಬಾರದು. ಆಮೇಲೆ ಕಿಕು ಒಂದೊಂದೇ ಕಾಳು ಆಯಲು ಶುರುಮಾಡಲಿ, ಬೆಳಕು ಅವಳ ಕೈ ಮೇಲೆ ಇಳಿಯಲಿ.

ಎಸ್.ಎಂ. ಪಂಡಿತ ರಂಗಮಂದಿರದಂಥ ದೊಡ್ಡ ಸಭಾಂಗಣವಾದರೆ ಕಟ್ಟೆಯನ್ನು ಪರದೆಯಿಂದ ಆರಡಿ ಮುಂದಕ್ಕೆ ತನ್ನಿ, ಹಿಂದೆ ಸರಿದಷ್ಟೂ ಒಲೆಯ ಬೆಳಕು ಸಾಯುತ್ತದೆ. ಪ್ರದರ್ಶನ ಮುಗಿದ ಮೇಲೆ ಭತ್ತವನ್ನು ಗುಡಿಸಿ, ಕೇರಿ, ಮುಂದಿನ ಆಟಕ್ಕೆ ಇಟ್ಟುಕೊಳ್ಳಿ. ಹುಲ್ಲನ್ನು ಮಾತ್ರ, ಎಷ್ಟೇ ಜನ ಕೇಳಿದರೂ, ದನಕ್ಕೆ ಒಯ್ಯಲು ಕೊಡಬೇಡಿ. ಬಿಳಿಗಾರ, ಬೋರಿಕ್ ಹೀರಿದ ಮೇವು ಅದು, ತಿಂದ ದನ ಕಾಯಿಲೆ ಬೀಳುತ್ತದೆ.